ಎರಡು ಅನ್ನುವವನು

ಆ ವಾರ್ಡಿನಲ್ಲಿ ರೋಗಿಯನ್ನು ಮಂಚದಿಂದ ಸ್ಟ್ರೆಚರಿಗೆ ಎತ್ತುವುದಕ್ಕೆ ಒಂದು ಕ್ರಮವಿತ್ತು. ರೋಗಿಯ ಅಡಿಯ ಚಾದರವನ್ನು ಸುರುಳಿ ಸುತ್ತಿ ಇಬ್ಬರು ಹಿಡಿಯಬೇಕು. ತಲೆಯ ಕಡೆಯವನು 'ಒಂದು' ಅನ್ನಬೇಕು, ಕಾಲಿನ ಕಡೆಯವನು 'ಎರಡು' ಅಂದ ಕೂಡಲೇ ಎತ್ತಬೇಕು. ತಲೆಯ ಕಡೆ ಪೈಲ್ವಾನ್, ಕಾಲಿನ ಕಡೆ ಉದ್ದಣ್ಣ. ಪೈಲ್ವಾನ್ ಅಂದರೆ ಕುಸ್ತಿಯವನೇನಲ್ಲ, ಸಣಕಲು ಅಟೆಂಡರ್. ಉದ್ದಣ್ಣ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು.

ಎತ್ತಿ ಎತ್ತಿ ಉದ್ದಣ್ಣನ ಸೊಂಟ ಹೋಯಿತು, ಅವನು ಮನೆ ಸೇರಿದ. ಆ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ. ಪೈಲ್ವಾನ್ ಹೋಗಿ ಕೇಳಿದರೆ ಮೇಲಿನವರು ನೋಡೋಣ ಅಂದರು. ನೋಡೋಣ ಅನ್ನುವುದಕ್ಕೆ ಸೊಂಟ ಬೇಡವಲ್ಲ.

ಪೈಲ್ವಾನ್ ಒಬ್ಬನೇ ಮಂಚದ ಮೇಲೆ ಮೊಣಕಾಲೂರಿ ಎತ್ತತೊಡಗಿದ. 'ಒಂದು' ತನ್ನ ದನಿಯಲ್ಲಿ ಅನ್ನುತ್ತಿದ್ದ, 'ಎರಡು' ಉದ್ದಣ್ಣನ ಗಡಸು ದನಿಯಲ್ಲಿ. ಮೊದಮೊದಲು ಅವನಿಗೇ ನಗು ಬರುತ್ತಿತ್ತು, ಬರಬರುತ್ತ ಆ ದನಿಯಿಲ್ಲದೆ ಕೈಯೇ ಏಳದಾಯಿತು. ಪರದೆಯಾಚೆ ಕೂತ ಹಿರಿಯ ಸಿಸ್ಟರ್ ಎರಡು ದನಿ ಕೇಳಿ, ಪಕ್ಕದ ವಾರ್ಡಿನವರು ಯಾರೋ ಕೈಜೋಡಿಸುತ್ತಿದ್ದಾರೆ ಅಂದುಕೊಂಡಿದ್ದರು.

ಪೈಲ್ವಾನನ ಸೊಂಟದಿಂದ ಎಡಗಾಲಿಗೆ ಜೋಮು ಇಳಿಯಿತು. ಅಂಗಿಯೊಳಗೆ ಬೆಲ್ಟು ಬಿಗಿದುಕೊಂಡು ತೆಪ್ಪಗಿದ್ದ. ಬಾಯಿಬಿಟ್ಟರೆ ಉದ್ದಣ್ಣನ ಹಾಗೆ ತನ್ನನ್ನೂ ಮನೆಗೆ ಕಳಿಸುತ್ತಾರೆ ಅನ್ನುವ ಭಯ. ಮನೆಯಲ್ಲಾದರೂ ಹೇಳಿಕೊಳ್ಳೋಣವೆಂದರೆ ಹೆಂಡತಿ ತೀರಿಕೊಂಡಿದ್ದಳು. ಮಗಳು ಫೋನು ಮಾಡಿದರೆ ಚೆನ್ನಾಗಿದ್ದೀನಮ್ಮ ಅಂದು ಇಟ್ಟುಬಿಡುತ್ತಿದ್ದ.

ಒಂದು ಬೆಳಿಗ್ಗೆ ಕಣ್ಣಿಗೆ ಪಟ್ಟಿ ಕಟ್ಟಿದ್ದ ದಢೂತಿ ಯಜಮಾನರೊಬ್ಬರನ್ನು ಸ್ಕ್ಯಾನಿಂಗಿಗೆ ಒಯ್ಯಬೇಕಾಗಿತ್ತು.

"ಇಬ್ರಿದೀರಾ ತಾನೆ? ನಾನು ಸ್ವಲ್ಪ ಭಾರ."

"ಇದೀವಿ ಯಜಮಾನ್ರೇ."

"ಇನ್ನೊಬ್ರು ಮಾತೇ ಆಡಲ್ವಲ್ಲ?"

"ಅವನು ಎರಡು ಅಂತ ಮಾತ್ರ ಅನ್ನೋದು."

ಯಜಮಾನರು ನಕ್ಕರು. "ಹಾಗಾದ್ರೆ ಅವರ ಕೈ ಒಂದ್ಸಲ ಕೊಡಕ್ಕೆ ಹೇಳಪ್ಪ. ಕಣ್ಣು ಕಾಣಲ್ಲ, ಭಯ ಆಗುತ್ತೆ."

ಅಂದವರೇ ಕಾಲಿನ ಕಡೆಗೆ ಕೈ ಚಾಚಿದರು. ಆ ಕೈ ಗಾಳಿಯಲ್ಲಿ ತಡಕಾಡಿತು. ಪೈಲ್ವಾನ್ ಚಾದರ ಹಿಡಿದು 'ಒಂದು' ಅಂದ. 'ಎರಡು' ಅನ್ನಲಿಲ್ಲ, ಎತ್ತಲೂ ಇಲ್ಲ.

'ಎರಡು' ಕೇಳಿಸದೆ ಸಿಸ್ಟರ್ ಪರದೆ ಸರಿಸಿದರು. "ಯಾಕ್ರೀ ನಿಲ್ಲಿಸಿಬಿಟ್ರಿ? ಇನ್ನೊಬ್ಬ ಎಲ್ಲಿ?"

"ಇನ್ನೊಬ್ಬ ಇಲ್ಲ ಸಿಸ್ಟರ್. ಉದ್ದಣ್ಣ ಹೋದಾಗಿಂದ ನಾನೊಬ್ನೇ."

"ಮತ್ತೆ ದಿನಾ ಕೇಳಿಸ್ತಿತ್ತು?"

"ಅದೂ ನಾನೇ. ಇನ್ನು ನನ್ನ ಕೈಲಾಗಲ್ಲ."

ಸಿಸ್ಟರ್ ಯಜಮಾನರ ಕೈ ಹಿಡಿದು ಮೆಲ್ಲಗೆ ಅವರ ಎದೆಯ ಮೇಲಿಟ್ಟು, ಕಾಲಿನ ಕಡೆ ಹೋಗಿ ನಿಂತು ಚಾದರ ಹಿಡಿದರು. ತೆಳುವಾದ ದನಿಯಲ್ಲಿ ಎರಡು ಅಂದರು. ಆಮೇಲೆ, ಇನ್ನೊಬ್ಬರಿಲ್ಲದೆ ಎತ್ತಕೂಡದು, ಮೇಲೆ ನಾನೇ ಜಗಳವಾಡುತ್ತೇನೆ ಅಂದರು. ಆಡಿದರೂ ಆಡಿಯಾರು.

ಸಂಜೆ ಪೈಲ್ವಾನ್ ಮನೆಗೆ ಬಂದು ಬೆಲ್ಟು ಬಿಚ್ಚಿ ಮಂಚದ ಅಂಚಿಗೆ ಕೂತ. ನೀರು ಕುಡಿಯಲು ಏಳಬೇಕು, ಸೊಂಟ ಬಿಡಲೊಲ್ಲದು. ರೂಢಿಯಂತೆ 'ಒಂದು' ಅಂದ. ಉದ್ದಣ್ಣನ ದನಿಯನ್ನು ಬೆಳಿಗ್ಗೆ ವಾರ್ಡಿನಲ್ಲೇ ಬಿಟ್ಟು ಬಂದಿದ್ದ. ಅಡುಗೆಮನೆಯ ಕಡೆ ನೋಡುತ್ತ ಹಾಗೇ ಕೂತಿದ್ದ.