ನಿರೀಕ್ಷಿತ ಉತ್ತರ

ಧಾರವಾಡದ ಬಿ.ಎಡ್. ಕಾಲೇಜೊಂದರಲ್ಲಿ ಗಣಿತದ ಶಿಕ್ಷಕರನ್ನು ತಯಾರು ಮಾಡುವುದು ನನ್ನ ಕೆಲಸ. ತಯಾರು ಮಾಡುವುದೆಂದರೆ ಮುಖ್ಯವಾಗಿ ಪಾಠಯೋಜನೆ ಬರೆಸುವುದು. ಎಡಗಡೆ ಶಿಕ್ಷಕರ ಪ್ರಶ್ನೆ, ಬಲಗಡೆ ಮಕ್ಕಳ ನಿರೀಕ್ಷಿತ ಉತ್ತರ. ಮಕ್ಕಳ ಮುಖ ನೋಡುವ ಮೊದಲೇ ಅವರು ಏನು ಹೇಳುತ್ತಾರೆಂದು ನಾವು ಬರೆದಿಟ್ಟಿರುತ್ತೇವೆ. ಜ್ಯೋತಿಷಿಗಳಿಗೂ ಇಷ್ಟು ಧೈರ್ಯವಿಲ್ಲ.

ಆ ವರ್ಷ ಪರೀಕ್ಷೆಯ ಪಾಠಕ್ಕೆ ಹಳೇ ಹುಬ್ಬಳ್ಳಿಯ ಸರಕಾರಿ ಶಾಲೆಯೊಂದು ಸಿಕ್ಕಿತ್ತು, ಅಂಕ ಹಾಕುವವನು ನಾನೇ. ಒಂದೇ ಕೋಣೆಯಲ್ಲಿ ಎರಡು ತರಗತಿ. ಮುಗದದಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ವಿದ್ಯಾರ್ಥಿನಿಗೆ ಈ ಪಾಠ ಕೈಹಿಡಿದರೆ ಪ್ರಥಮ ದರ್ಜೆ. ಅದು ಬಂದರೆ ಮಾತ್ರ ಕೆಲಸ ಎಂದು ಖಾಸಗಿ ಶಾಲೆಯೊಂದು ಅವಳಿಗೆ ಹೇಳಿತ್ತು.

ಪಾಠ ಭಿನ್ನರಾಶಿ. ಕಾಗದದ ಎರಡು ರೊಟ್ಟಿ ಕತ್ತರಿಸಿ ತಂದಿದ್ದಳು. ಗಡಿಬಿಡಿಯಲ್ಲಿ ಒಂದಕ್ಕೆ ಬಟ್ಟಲಿಟ್ಟು ಗೆರೆ ಎಳೆದಿದ್ದಳು, ಇನ್ನೊಂದಕ್ಕೆ ಊಟದ ತಾಟಿಟ್ಟು. ಸಣ್ಣದರ ಅರ್ಧ, ದೊಡ್ಡದರ ಮೂರನೇ ಒಂದು ಪಾಲು ಎತ್ತಿ ಹಿಡಿದು, ಯಾವುದು ದೊಡ್ಡದೆಂದು ಕೇಳಿದಳು. ಮುಂದಿನ ಬೆಂಚಿನ ಹುಡುಗಿ ಎದ್ದಳು.

"ಹಸಿವ್ಯಾಗಿದ್ರ ನಾ ಆ ಮೂರ್ನೇ ಪಾಲ ತೊಗೋತೇನ್ರಿ ಟೀಚರ್. ಅದ ದೊಡ್ಡದೈತಿ."

ಬಲಗಡೆ ಆ ಉತ್ತರ ಇರಲಿಲ್ಲ. ವಿದ್ಯಾರ್ಥಿನಿ ನನ್ನತ್ತ ನೋಡಿದಳು. ನಾನು ಗಡಿಯಾರ ತೋರಿಸಿದೆ, ನನ್ನಿಂದಾಗುವ ಸಹಾಯ ಅಷ್ಟೇ. ಅವಳು ಯೋಜನೆಯ ವಹಿ ಮುಚ್ಚಿಟ್ಟು, ತಪ್ಪು ತನ್ನದೇ ಎಂದು ಮಕ್ಕಳೆದುರು ಒಪ್ಪಿಕೊಂಡು, ಅವರ ಕೈಗೇ ಕತ್ತರಿ ಕೊಟ್ಟಳು. ಗದ್ದಲವೋ ಗದ್ದಲ. ಗಂಟೆ ಬಾರಿಸುವಷ್ಟರಲ್ಲಿ, ರೊಟ್ಟಿ ಒಂದೇ ಅಳತೆಯದಿದ್ದರೆ ಮಾತ್ರ ಪಾಲು ಹೋಲಿಸಬಹುದೆಂದು ಪಕ್ಕದ ತರಗತಿಯ ಮಕ್ಕಳೂ ಹೇಳುತ್ತಿದ್ದರು. ಸಾರಾಂಶವಿಲ್ಲ, ಮನೆಗೆಲಸವಿಲ್ಲ. 'ಯೋಜನೆಯಂತೆ ನಡೆಯಲಿಲ್ಲ' ಎಂದು ಬರೆದು ಅಂಕ ಕತ್ತರಿಸಿದೆ.

"ಮಕ್ಕಳಿಗೆ ತಿಳೀತಲ್ರಿ ಸರ್?" ಎಂದಳು.

ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲವೆಂದೆ. ಅವಳಿಗೆ ಪ್ರಥಮ ದರ್ಜೆ ಬರಲಿಲ್ಲ, ಕೆಲಸವೂ ತಪ್ಪಿತು.

ನನಗೆ ನಾಚಿಕೆಯಾಯಿತು, ಖರೇ. ಮರುವರ್ಷ ಹೊಸ ತಂಡಕ್ಕೆ ಆ ಪಾಠವನ್ನು ಕಣ್ಣು ತುಂಬಿಕೊಂಡು ಬಣ್ಣಿಸಿದೆ. ಅಂಕದ ಸುದ್ದಿ ಮಾತ್ರ ಎತ್ತಲಿಲ್ಲ.

ಪರೀಕ್ಷೆಯ ದಿನ ಅದೇ ಶಾಲೆಗೆ ಹೋದರೆ, ಹೊಸಬರೆಲ್ಲರೂ ಒಂದು ಸಣ್ಣ, ಒಂದು ದೊಡ್ಡ ರೊಟ್ಟಿ ಕತ್ತರಿಸಿ ತಂದಿದ್ದರು. ಹಿಂದಿನ ದಿನವೇ ಅವರು ಬಾಯಿಪಾಠ ಮಾಡಿಸಿಟ್ಟಿದ್ದ ಹುಡುಗಿಯೊಬ್ಬಳು ಕೈಕಟ್ಟಿ ನಿಂತು, ತನಗೆ ಹಸಿವಾಗಿದ್ದರೆ ಮೂರನೇ ಪಾಲು ತೆಗೆದುಕೊಳ್ಳುವುದಾಗಿ ಒಪ್ಪಿಸಿದಳು. ಬಲಗಡೆಯ ಉತ್ತರದೊಂದಿಗೆ ತಾಳೆ ನೋಡಿದೆ. ಒಂದಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ. ಪೂರ್ತಿ ಅಂಕ ಹಾಕಿದೆ.