ಹೆಸರು ಹೇಳಲಿಚ್ಛಿಸದ ಫಂಡ್ ಮ್ಯಾನೇಜರ್

ಅವರ ಕತ್ತು ಸದಾ ಎಡಕ್ಕೆ ವಾಲಿರುತ್ತಿತ್ತು. ಇಪ್ಪತ್ತು ವರ್ಷ ಟೆಲಿಫೋನ್ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಗಳಲ್ಲಿ ಬೇರೆ ಕೆಲಸ ಮಾಡಿದ್ದರ ಫಲ. ಎಡಗಿವಿ ಬಲಗಿವಿಗಿಂತ ಕೆಂಪಗೆ, ಚಪ್ಪಟೆಯಾಗಿತ್ತು. ಸೆರಂಗೂನ್ ರಸ್ತೆಯ ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ಕೈಮುಗಿದು ನಿಂತಾಗಲೂ ಕತ್ತು ಅದೇ ಓರೆಯಲ್ಲಿರುತ್ತಿತ್ತು. "ದೇವರ ಲೈನ್ ಸಿಕ್ಕಿದೆ, ಯಾರೂ ಡಿಸ್ಟರ್ಬ್ ಮಾಡ್ಬೇಡಿ" ಎಂದು ಅವರ ಹೆಂಡತಿ ನಮಗೆಲ್ಲ ಕೇಳುವಂತೆ ಪಿಸುಗುಡುತ್ತಿದ್ದರು.

ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಆಂಟಿ. ಟ್ಯಾಂಪಿನೀಸಿನ ಒಂದೇ ಬ್ಲಾಕಿನಲ್ಲಿ ಅವರದು ಒಂಬತ್ತನೆಯ ಮಹಡಿ, ನನ್ನ ಬಾಡಿಗೆ ಕೋಣೆ ಆರನೆಯದರಲ್ಲಿ. ತೊಂಬತ್ತರ ದಶಕದ ಮೊದಲ ಭಾಗ ಅದು. ಕೈಯಲ್ಲಿ ಫೋನಿರುವ ಕಾಲ ಇನ್ನೂ ಬಂದಿರಲಿಲ್ಲ. ಕಟ್ಟಡದ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಸಾರ್ವಜನಿಕ ಫೋನಿನಿಂದ ನಾನು ಮೈಸೂರಿಗೆ, ಅಮ್ಮನಿಗೆ ಕರೆ ಮಾಡಿ, ದಿನಾ ಹುಳಿ ಅನ್ನ ಉಣ್ಣುತ್ತಿದ್ದೇನೆ ಎಂದು ಹೇಳಿ ಇಟ್ಟಾಗ ಹಿಂದಿನಿಂದ ಮೊದಲ ಸಲ ಅವರ ದನಿ ಕೇಳಿತು: "ಅಮ್ಮನಿಗೆ ಸುಳ್ಳು ಹೇಳಿದ್ದಾ? ಇಲ್ಲಿ ನಿನಗೆ ಯಾರು ಮಾರಾಯ್ತಿ ದಿನಾ ಹುಳಿ ಮಾಡಿ ಹಾಕುವುದು?" ಆ ಭಾನುವಾರವೇ ಊಟಕ್ಕೆ ಕರೆದರು.

ಅವರು ಉಡುಪಿಯ ಕಡೆಯವರು. ಶೆಂಟನ್ ವೇ ರಸ್ತೆಯ ಒಂದು ವಿಮಾ ಕಂಪೆನಿಯಲ್ಲಿ, ಜನ ಕಟ್ಟಿದ ಪ್ರೀಮಿಯಂ ದುಡ್ಡನ್ನು ಎಲ್ಲಿ ಇಡಬೇಕೆಂದು ನೋಡಿಕೊಳ್ಳುವ ಕೆಲಸ. ಅದರ ಬಹುಪಾಲನ್ನು ಅಮೆರಿಕ, ಜಪಾನ್, ಬ್ರಿಟನ್ ಸರ್ಕಾರಗಳ ಸಾಲಪತ್ರಗಳಲ್ಲಿ, ಅಂದರೆ ಬಾಂಡುಗಳಲ್ಲಿ, ಇಡುತ್ತಿದ್ದರು. ನಾನು ಒಂದು ಸುದ್ದಿಸಂಸ್ಥೆಯ ವರದಿಗಾರ್ತಿ. ನನ್ನ ವಿಷಯವೂ ಅದೇ ಸಾಲಪತ್ರಗಳು. ಇದು ತಿಳಿದ ಕೂಡಲೇ ಅವರು ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟು ನನ್ನನ್ನೇ ನೋಡಿದರು.

"ಹಾಗಾದ್ರೆ ಮೊದಲೇ ಹೇಳಿಬಿಡ್ತೇನೆ ಕೇಳು. ನಾವು ಪೇಪರಿನವರ ಹತ್ತಿರ ಮಾತಾಡಿದ್ರೆ ಕೆಲಸ ಹೋಗ್ತದೆ. ಕೆಲಸ ಹೋದ್ರೆ ಈ ದೇಶದಲ್ಲಿ ಇರ್ಲಿಕ್ಕೆ ಕೊಟ್ಟ ಪಾಸ್ ಹೋಗ್ತದೆ. ಪಾಸ್ ಹೋದ್ರೆ ನಾವು ಮೂವರೂ ವಿಮಾನ ಹತ್ತಬೇಕು. ಮಗಳಿಗೆ ಮುಂದಿನ ವರ್ಷ ಓ ಲೆವೆಲ್, ನಮ್ಮ ಹತ್ತನೇ ಕ್ಲಾಸಿನ ಹಾಗಿನ ಪರೀಕ್ಷೆ ಉಂಟು. ಆಫೀಸಿಗೆ ಫೋನ್ ಮಾಡಬೇಡ. ಮನೆಗೆ ಬಾ, ಊಟ ಮಾಡು."

"ಆಯ್ತು ಅಂಕಲ್, ಪ್ರಾಮಿಸ್" ಎಂದೆ. ಈ ಮಾತನ್ನು ನಾನು ಆಡಿದ್ದು ನಿಜ.

ಭಾನುವಾರದ ಅಡುಗೆ ಅವರದೇ. ಬೆಳಗ್ಗೆ ಲಿಟಲ್ ಇಂಡಿಯಾಕ್ಕೆ ಹೋಗಿ ಕೆಸುವಿನ ಎಲೆ, ಬಾಳೆಲೆ ತರುತ್ತಿದ್ದರು. ನೆಲದ ಮೇಲೆ ಶನಿವಾರದ ಪತ್ರಿಕೆ ಹಾಸಿ ಅದರ ಮೇಲೆ ಎಲೆ. "ನಿನ್ನ ಸುದ್ದಿ ಇದಕ್ಕೂ ಆಗುವುದಿಲ್ಲ ನೋಡು, ನಮ್ಮ ಆಫೀಸಿನ ಪರದೆ ಮೇಲೆ ಬಂದು ಮಾಯ ಆಗ್ತದೆ" ಎಂದು ನನ್ನನ್ನು ಚುಚ್ಚುತ್ತಿದ್ದರು. ಪತ್ರೊಡೆಯ ಮೂರನೆಯ ತುಂಡನ್ನು ಬೇಡ ಎಂದವರನ್ನು ಅವರು ನಂಬುತ್ತಿರಲಿಲ್ಲ.

ನನ್ನ ವಿಷಯವನ್ನು ನನಗೆ ಕಲಿಸಿದವರು ಅವರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ್ದೆ, ಆದರೆ ತಲೆಯಲ್ಲಿ ಚಿತ್ರವಿರಲಿಲ್ಲ. ಒಂದು ಶನಿವಾರ ಸಾಲು ತಿಂಡಿಯಂಗಡಿಗಳ ಹಾಕರ್ ಸೆಂಟರಿನಲ್ಲಿ ಅಂಕಲ್, ಆಂಟಿ, ನಾನು ಚಹಾ ಕುಡಿಯುತ್ತ ಕೂತಿದ್ದಾಗ ಅಂಕಲ್ ಕೇಳಿದರು: "ಅಮೆರಿಕದಂಥ ಅಮೆರಿಕಕ್ಕೆ ಸಾಲ ಕೊಡುವವರು ಯಾರು ಹೇಳು?"

"ದೊಡ್ಡ ದೊಡ್ಡ ಬ್ಯಾಂಕುಗಳು. ಕೋಟ್ಯಧೀಶರು."

ಅವರು ಪಕ್ಕದ ಮೇಜು ಒರೆಸುತ್ತಿದ್ದ ಚೀನೀ ಮುದುಕಿಯ ಕಡೆ ಗದ್ದ ತೋರಿಸಿದರು. "ಅದಾ, ಆ ಆಂಟಿ. ನಮ್ಮಲ್ಲಿ ಪಾಲಿಸಿ ಮಾಡಿಸಿದ್ದಾಳೆ, ನಾನೇ ಫಾರ್ಮ್ ತುಂಬಿಕೊಟ್ಟದ್ದು. ತಿಂಗಳು ತಿಂಗಳು ಕಟ್ತಾಳೆ. ಆ ದುಡ್ಡನ್ನು ನಾನು ಎಂತ ಮಾಡುವುದು, ದಿಂಬಿನ ಅಡಿಯಲ್ಲಿ ಇಡುವುದಾ? ಅಮೆರಿಕಕ್ಕೆ ಕೊಡ್ತೇನೆ. ಟುವಾಸ್ ಫ್ಯಾಕ್ಟರಿಯ ಹುಡುಗರದ್ದೂ ಹಾಗೇ. ಜಪಾನಿನ ಮೇಷ್ಟ್ರ ಪೆನ್ಶನ್ ದುಡ್ಡೂ ಹಾಗೇ. ದೇಶ ದೇಶದ ರಿಸರ್ವ್ ಬ್ಯಾಂಕಿನವರೂ ಅದನ್ನೇ ಮಾಡುವುದು. ಲಾಭಕ್ಕಲ್ಲ ಮಾರಾಯ್ತಿ, ನಿದ್ದೆಗೆ. ವಾಪಸು ಬರ್ತದೆ ಅಂತ ನಂಬಿಕೆ ಉಂಟಲ್ಲ, ಅದನ್ನು ಕೊಳ್ಳುವುದು."

ಆಮೇಲೆ ಮುದುಕಿಯನ್ನೇ ಕರೆದು, ನೀವು ಅಮೆರಿಕ ಸರ್ಕಾರಕ್ಕೆ ಸಾಲ ಕೊಟ್ಟಿದ್ದೀರಿ, ಗೊತ್ತಾ ಎಂದು ಕೇಳಿದರು. ಅವಳು ಒದ್ದೆ ಬಟ್ಟೆಯನ್ನು ಸೊಂಟಕ್ಕೆ ಒತ್ತಿ ಹಿಡಿದು, "ಯೂ ಸಿಯಾವ್ ಆ? ಮಿ, ವೇರ್ ಗಾಟ್ ಮನಿ ಲಾ!" ಎಂದು ನಕ್ಕಳು. ಹುಚ್ಚಾ ನಿಮಗೆ, ನನ್ನ ಹತ್ತಿರ ದುಡ್ಡೆಲ್ಲಿದೆ ಎಂದು. ಅಂಕಲ್ ನಗಲಿಲ್ಲ. "ಇವಳಿಗೆ ಗೊತ್ತಿಲ್ಲ. ಅದಕ್ಕೇ ನಾನು ಸರಿ ನೋಡಿಕೊಳ್ಳಬೇಕು" ಎಂದರು. ಅವರ ಕೆಲಸದ ಬಗ್ಗೆ ಅವರು ಆಡಿದ ಒಂದೇ ಗಂಭೀರ ಮಾತು ಅದು.

ಮರುವರ್ಷ ಅಮೆರಿಕದಲ್ಲಿ ಬಡ್ಡಿದರ ಏರತೊಡಗಿತು. ಬಡ್ಡಿ ಏರಿದರೆ ಹಳೆಯ ಸಾಲಪತ್ರಗಳ ಬೆಲೆ ಬೀಳುತ್ತದೆ. ನಮ್ಮ ಸುದ್ದಿಮನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: ಏಷ್ಯಾದಿಂದ ಸಾಲ ಕೊಟ್ಟವರು ಕೈ ಹಿಂದೆಗೆಯುತ್ತಿದ್ದಾರೆಯೇ? ಯಾರೂ ಬಾಯಿ ಬಿಡುತ್ತಿರಲಿಲ್ಲ. ಬ್ಯೂರೋ ಮುಖ್ಯಸ್ಥರು ದಿನಾ ನನ್ನ ಮೇಜಿನ ಬಳಿ ಬಂದು ನಿಲ್ಲುತ್ತಿದ್ದರು.

ಒಂದು ಭಾನುವಾರ ಎಲೆಯ ಮುಂದೆ ಕೂತು ನಾನೇ ಕೇಳಿದೆ. ಅದು ಊಟದ ಮಾತಾಗಿರಲಿಲ್ಲ, ಊಟದ ಮಾತಿನ ದನಿಯಲ್ಲಿ ಕೇಳಿದ ಪ್ರಶ್ನೆಯಾಗಿತ್ತು. "ನಿಮ್ಮಂಥವರು ಇನ್ನೂ ಅಮೆರಿಕದ್ದು ಕೊಳ್ತೀರಾ ಅಂಕಲ್?"

ಅವರು ಸಾರು ಬಡಿಸುತ್ತಿದ್ದರು. "ಹಳತು ಮುಗಿದ ಹಾಗೆ ಮುಗೀತದೆ. ಹೊಸತು ತರ್ಲಿಕ್ಕೆ ಅವಸರ ಎಂತ? ನಮ್ಮಮ್ಮ ಹೇಳುವುದುಂಟು, ಭರಣಿಯಲ್ಲಿ ಉಪ್ಪಿನಕಾಯಿ ಉಂಟು ಅಂತ ಮನೆಗೆಲ್ಲ ಗೊತ್ತು, ಎಷ್ಟು ಇಳಿದಿದೆ ಅಂತ ಅತ್ತೆಗೆ ಮಾತ್ರ ಗೊತ್ತು. ಅನ್ನ ಹಾಕ್ಲಾ?"

ಸೋಮವಾರ ಬೆಳಗ್ಗೆ ನಾನು ಬರೆದೆ. ಏಷ್ಯಾದ ದೊಡ್ಡ ಹೂಡಿಕೆದಾರರು ಅಮೆರಿಕದ ಸಾಲಪತ್ರಗಳನ್ನು ಸದ್ದಿಲ್ಲದೆ ಮಾರುತ್ತಿದ್ದಾರೆ ಎಂಬುದು ಮೊದಲ ಸಾಲು. ಮೂರನೆಯ ಪ್ಯಾರಾದಲ್ಲಿ ಭರಣಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ಹೇಳಿದವರು: ಏಷ್ಯಾದ ವಿಮಾ ಕಂಪೆನಿಯೊಂದರ, ಹೆಸರು ಹೇಳಲಿಚ್ಛಿಸದ ಫಂಡ್ ಮ್ಯಾನೇಜರ್. ಅವರು ಹೆಸರು ಹೇಳಲಿಚ್ಛಿಸಲಿಲ್ಲ ಎಂಬುದು ಸರಿಯಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ಬ್ಯೂರೋ ಮುಖ್ಯಸ್ಥರು ಓದಿ ಹುಬ್ಬೇರಿಸಿದರು. "ಉಪ್ಪಿನಕಾಯಿ ಚೆನ್ನಾಗಿದೆ. ಬಳಸಿಕೊಳ್ಳಬಹುದು ಅಂತ ಅವರು ಒಪ್ಪಿದ್ದಾರಾ?"

"ಯೆಸ್" ಎಂದೆ.

ನನಗೆ ಭಯವಿರಲಿಲ್ಲ ಎಂಬುದನ್ನೂ ದಾಖಲಿಸಬೇಕು. ಈ ಊರಿನ ಮಾರುಕಟ್ಟೆಯಲ್ಲಿ ಕನ್ನಡ ಬಲ್ಲವರು ಎಷ್ಟು ಜನ? ಕನ್ನಡದಲ್ಲಿ ಆಡಿದ ಮಾತು ಬೀಗ ಹಾಕಿದ ಕೋಣೆಯಲ್ಲಿ ಆಡಿದ ಹಾಗೆ, ಇಂಗ್ಲಿಷಿಗೆ ಬಂದರೆ ಯಾರದೆಂದು ಗುರುತು ಸಿಗದು ಎಂದು ನಾನು ನಂಬಿದ್ದೆ. ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಅವರು ಅಮ್ಮನ ಗಾದೆಗಳನ್ನು ವರ್ಷಗಟ್ಟಲೆ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಹೇಳಿಕೊಂಡು ಬಂದಿದ್ದರು. ಭರಣಿ, ಅತ್ತೆ, ಉಪ್ಪಿನಕಾಯಿ ಅಲ್ಲಿನ ಚೀನೀ ಹುಡುಗಿಯರಿಗೂ ಮಲಯ್ ಹುಡುಗರಿಗೂ ಬಾಯಿಪಾಠವಾಗಿತ್ತು. ನನ್ನ ಸುದ್ದಿ ಪರದೆಯ ಮೇಲೆ ಬಂದ ನಿಮಿಷದಲ್ಲೇ ಇಡೀ ಕೋಣೆ ಅವರ ಕಡೆ ತಿರುಗಿ ನಕ್ಕಿತಂತೆ. ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತ್ತು. ಅವರನ್ನು ಮೇಲಿನ ಮಹಡಿಗೆ ಕರೆದಿದ್ದರು.

ಮಾರುಕಟ್ಟೆ ಅಂದು ಸ್ವಲ್ಪ ಅಲುಗಿ ಸುಮ್ಮನಾಯಿತು. ನನಗೆ ಲಂಡನ್ನಿನಿಂದ ಮೆಚ್ಚುಗೆಯ ಸಂದೇಶ ಬಂತು.

ಮೇಲಿನವರು ಕೇಳಿದಾಗ ಅವರು ನಿಜ ಹೇಳಿದರು: ನಾನು ಪತ್ರಿಕೆಗೆ ಹೇಳಿಕೆ ಕೊಟ್ಟಿಲ್ಲ, ನೆರೆಮನೆಯ ಹುಡುಗಿ ಊಟಕ್ಕೆ ಬಂದಾಗ ಆಡಿದ ಮಾತು ಅದು. ಹಾಗಿದ್ದರೆ ಆ ಹುಡುಗಿ ಹಾಗೆಂದು ಬರೆದುಕೊಡಲಿ, ಎಚ್ಚರಿಕೆ ಕೊಟ್ಟು ಬಿಡುತ್ತೇವೆ ಎಂದರಂತೆ. ಅಂಕಲ್ ನನ್ನನ್ನು ಕೇಳಲು ಬರಲಿಲ್ಲ. ಗುರುವಾರ ಸಂಜೆ ಆಂಟಿ ಬಂದರು, ಹಿಂದೆ ಶಾಲೆಯ ಯೂನಿಫಾರ್ಮಿನಲ್ಲಿ ಮಗಳು. ನಾನು ಬಾಗಿಲಲ್ಲೇ ನಿಂತು ಮಾತಾಡಿದೆ. ಒಳಗೆ ಬನ್ನಿ ಎನ್ನಲಿಲ್ಲ.

"ಎರಡು ಸಾಲು ಸಾಕಮ್ಮ. ಊಟದ ಹೊತ್ತಲ್ಲಿ ಹೇಳಿದ್ದು, ಪೇಪರಿಗೆ ಅಂತ ಹೇಳಿದ್ದಲ್ಲ ಅಂತ. ಸುಳ್ಳು ಬರಿ ಅಂತ ಕೇಳ್ತಾ ಇಲ್ಲ ನಾನು."

"ಆಂಟಿ, ನಮ್ಮ ಸೋರ್ಸ್ ಯಾರು ಅಂತ ನಾವು ಹೌದು ಅನ್ನೋ ಹಾಗೂ ಇಲ್ಲ, ಅಲ್ಲ ಅನ್ನೋ ಹಾಗೂ ಇಲ್ಲ. ಅದು ರೂಲ್."

"ಯಾರನ್ನು ಕಾಪಾಡ್ಲಿಕ್ಕೆ ಇರುವ ರೂಲ್ ಅದು?"

ಉತ್ತರ ನನಗೆ ಗೊತ್ತಿತ್ತು. ಆ ಎರಡು ಸಾಲು ಬರೆದರೆ, ಬ್ಯೂರೋ ಮುಖ್ಯಸ್ಥರಿಗೆ ನಾನು ಹೇಳಿದ ಯೆಸ್ ಸುಳ್ಳಾಗುತ್ತಿತ್ತು. ಕೆಲಸ ಹೋಗುತ್ತಿದ್ದದ್ದು ನನ್ನದು, ಪಾಸ್ ಹೋಗುತ್ತಿದ್ದದ್ದೂ ನನ್ನದು. ವಿಮಾನ ಹತ್ತಬೇಕಾದವಳು ನಾನೊಬ್ಬಳೇ.

"ನೋಡ್ತೀನಿ ಆಂಟಿ, ಆಫೀಸಲ್ಲಿ ಕೇಳಿ ಹೇಳ್ತೀನಿ" ಎಂದೆ.

ಮಗಳು ತಾಯಿಯ ತೋಳು ಹಿಡಿದಳು. "ಬಾ ಲಾ ಅಮ್ಮ. ಅವರು ಬರಿಯಲ್ಲ." ನನ್ನ ಕಡೆ ನೋಡದೆ ಹೇಳಿದಳು. ವಾರಕ್ಕೆ ಎರಡು ಸಂಜೆ ನಾನು ಅವಳಿಗೆ ಇಂಗ್ಲಿಷ್ ಪ್ರಬಂಧ ತಿದ್ದಿಕೊಡುತ್ತಿದ್ದೆ.

ನಾನು ಆಫೀಸಿನಲ್ಲಿ ಯಾರನ್ನೂ ಕೇಳಲಿಲ್ಲ.

ಕಂಪೆನಿಯ ದಾಖಲೆಯಲ್ಲಿ ಅದು ರಾಜೀನಾಮೆ. ಪಾಸ್ ರದ್ದಾಗಿ, ಕೆಲವೇ ವಾರಗಳಲ್ಲಿ ಹೊರಡಬೇಕಾಯಿತು. ಓ ಲೆವೆಲ್ ಪರೀಕ್ಷೆಗೆ ಆಗ ನಾಲ್ಕು ತಿಂಗಳಿತ್ತು. ಹುಡುಗಿಯನ್ನು ಇಲ್ಲೇ ಯಾರ ಮನೆಯಲ್ಲಾದರೂ ಬಿಡುವ ಮಾತು ಬಂತಂತೆ, ಅವಳೇ ಒಪ್ಪಲಿಲ್ಲವಂತೆ. ಮಂಗಳೂರಿಗೆ ಹೋಗಿ ಅವಳ ಓದು ಒಂದು ವರ್ಷ ಹಿಂದೆ ಬಿತ್ತು. ಇಷ್ಟನ್ನು ನಾನು ಬೇರೆಯವರಿಂದ ಕೇಳಿ ತಿಳಿದೆ. ಆ ವಾರಗಳಲ್ಲಿ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆ.

ಹೊರಡುವ ಹಿಂದಿನ ದಿನ ಅವರೇ ಇಳಿದು ಬಂದರು. ಬನಿಯನ್ ಮೇಲೆ ಪೆಟ್ಟಿಗೆ ಕಟ್ಟಿದ ಧೂಳು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ, ಅದು ಬಂದಿದ್ದರೆ ಹಗುರಾಗುತ್ತಿತ್ತು.

"ಮಾರಾಯ್ತಿ, ನಿನ್ನ ಸುದ್ದಿಯಲ್ಲಿ ಒಂದು ತಪ್ಪು ಉಂಟು" ಎಂದರು. "ಮಾರ್ತಾ ಇದ್ದಾರೆ ಅಂತ ಬರೆದಿದ್ದಿ. ನಾವು ಮಾರಲಿಲ್ಲ. ಅವಧಿ ಮುಗಿದದ್ದರ ಜಾಗಕ್ಕೆ ಹೊಸತು ತರಲಿಲ್ಲ, ಅಷ್ಟೆ. ಎರಡೂ ಬೇರೆ ಬೇರೆ. ಮಾರಿದ್ರೆ ನಂಬಿಕೆ ಹೋಯ್ತು ಅಂತ ಅರ್ಥ. ಮುಗೀಲಿಕ್ಕೆ ಬಿಟ್ರೆ, ಕಾಯ್ತಾ ಇದ್ದೇವೆ ಅಂತ ಅರ್ಥ. ಪಾಲಿಸಿ ಕಟ್ಟಿದವರು ಕೇಳಿದ್ರೆ ಹೆದರ್ತಾರೆ. ಹೇಳಿದ್ದು ನಾನು ಅಂತ ಎಲ್ಲರಿಗೂ ಗೊತ್ತಾಗಿದೆಯಲ್ಲ, ತಪ್ಪು ನನ್ನ ತಲೆ ಮೇಲೆ ಇರುವುದು ಬೇಡ. ಸರಿ ಮಾಡ್ತಿಯಾ?"

"ಮಾಡ್ತೀನಿ ಅಂಕಲ್."

"ಸರಿ. ಊಟ ಮಾಡ್ತಾ ಇದ್ದೀಯಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲ ಕಡೆ ಹೋದರು.

ನಾನು ಸರಿ ಮಾಡಲಿಲ್ಲ. ತಿದ್ದುಪಡಿ ಹಾಕಬೇಕಾದರೆ ತಪ್ಪು ಹೇಗಾಯಿತೆಂದು ಮುಖ್ಯಸ್ಥರಿಗೆ ವಿವರಿಸಬೇಕು. ಸುದ್ದಿ ಕೊಟ್ಟವರು ನಿಜವಾಗಿ ಏನೆಂದರು, ಯಾವಾಗ ಎಂದರು, ಎಲ್ಲಿ ಎಂದರು ಎಂಬ ಪ್ರಶ್ನೆಗಳು ಬರುತ್ತವೆ. ಒಂದು ವಾರ ಮುಂದೂಡಿದೆ. ಆಮೇಲೆ ಹಳೆಯ ಸುದ್ದಿಯನ್ನು ಯಾರು ತಿದ್ದುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ದಶಕ ಮುಗಿಯುವ ಮೊದಲೇ ನಾನು ಆ ವಿಭಾಗದ ಮುಖ್ಯಸ್ಥೆಯಾದೆ. ಹೊಸದಾಗಿ ಸೇರಿದವರಿಗೆ ಸುದ್ದಿಮೂಲಗಳನ್ನು ಕಾಪಾಡುವುದು ಹೇಗೆಂದು ವರ್ಷಕ್ಕೆರಡು ಸಲ ಪಾಠ ಮಾಡುತ್ತಿದ್ದೆ. ಪಾಠ ಚೆನ್ನಾಗಿರುತ್ತದೆ ಎಂಬ ಹೆಸರಿತ್ತು.

ಅವರು ಮಂಗಳೂರಿನಲ್ಲಿ ತೀರಿಕೊಂಡ ವಿಷಯ ನನಗೆ ತಿಳಿದದ್ದು ಮೂರು ತಿಂಗಳ ಬಳಿಕ, ದೇವಸ್ಥಾನದಲ್ಲಿ ಸಿಕ್ಕ ಪರಿಚಯದವರಿಂದ. ನನಗೆ ತಿಳಿಸಬೇಕೆಂದು ಅವರ ಮನೆಯವರಿಗೆ ಅನ್ನಿಸಲಿಲ್ಲ. ಅನ್ನಿಸಬೇಕಾದ ಕಾರಣವೂ ಇರಲಿಲ್ಲ. ಅಂಕಲ್ ನನ್ನನ್ನು ಕೇಳಿದ್ದು ಒಂದೇ ಒಂದು. ಅದನ್ನು ಇಲ್ಲಿ, ಅದು ಇರಬೇಕಾಗಿದ್ದ ರೂಪದಲ್ಲೇ ಬರೆಯುತ್ತಿದ್ದೇನೆ.

ತಿದ್ದುಪಡಿ: ಏಷ್ಯಾದ ವಿಮಾ ಕಂಪೆನಿಯೊಂದು ಅಮೆರಿಕದ ಸಾಲಪತ್ರಗಳನ್ನು ಮಾರುತ್ತಿದೆ ಎಂದು ಅದರ ಫಂಡ್ ಮ್ಯಾನೇಜರ್ ಸೂಚಿಸಿದ್ದಾಗಿ ವರದಿಯಾಗಿತ್ತು. ಅವರು ಹಾಗೆ ಹೇಳಿರಲಿಲ್ಲ. ಅವಧಿ ಮುಗಿದವುಗಳ ಬದಲಿಗೆ ಹೊಸದನ್ನು ಕೊಳ್ಳಲು ಅವಸರವಿಲ್ಲ ಎಂದಷ್ಟೇ ಹೇಳಿದ್ದರು. ಅದನ್ನೂ ಅವರು ವರದಿಗಾರ್ತಿಗೆ ಹೇಳಿದ್ದಲ್ಲ, ಮನೆಗೆ ಊಟಕ್ಕೆ ಕರೆದ ಹುಡುಗಿಗೆ ಹೇಳಿದ್ದು. ತಪ್ಪು ವರದಿಗಾರ್ತಿಯದು.