ಸುಚಿತಾಳ ಹೆಸರಿನ ಉಡಿ

ಶಹಾಬಜಾರದ ಆ ಹಳೆಯ ಮನೆಯಲ್ಲಿ ಟೀವಿ ಇರುವುದು ದೇವರ ಜಗಲಿಯ ಪಕ್ಕದಲ್ಲಿ. ಮಿಕ್ಕ ಗೋಡೆಗಳೆಲ್ಲ ಮಣ್ಣಿನವು, ಮೊಳೆ ಹಿಡಿಯುವುದಿಲ್ಲ. ಹಾಗಾಗಿ ಮಗ ಅಮರನಾಥ ಅದನ್ನು ಅಲ್ಲೇ ತೂಗುಹಾಕಿಸಿದ್ದ. ಸಂಜೆ ದೀಪ ಹಚ್ಚಿ ಕೈ ಮುಗಿದು ಕಣ್ಣು ಬಿಟ್ಟರೆ ವಿಮಲಾಬಾಯಿಗೆ ಎಡಕ್ಕೆ ದೇವರು, ಬಲಕ್ಕೆ ಧಾರಾವಾಹಿ.

ಮೊದಮೊದಲು ಆ ಬೆಂಗಳೂರು ಕಡೆಯ ಮಾತು ಅವಳಿಗೆ ತಿಳಿಯುತ್ತಿರಲಿಲ್ಲ. ಸೊಸೆ ಅಂಜನಾ ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತ ಬಿಡಿಸಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಇಬ್ಬರಿಗೂ ಒಂದು ರೂಢಿ ಬಿತ್ತು. ಮುಖ ನೋಡಿ ಆಡಲಾಗದ್ದನ್ನು ಟೀವಿಗೆ ಆಡುವುದು. ಧಾರಾವಾಹಿಯ ಸೊಸೆ ಸುಚಿತಾ ತಡವಾಗಿ ಎದ್ದರೆ ವಿಮಲಾಬಾಯಿ, ಹೊತ್ತು ನೆತ್ತಿಗೆ ಬಂದಮೇಲೆ ಏಳೋದು ಯಾವ ಪದ್ಧತಿಯವ್ವ ಎಂದು ಅವಳನ್ನೇ ಕೇಳುವಳು. ಆ ಸುಚಿತಾಳ ಅತ್ತೆ ಬಾಯಿ ತೆರೆದರೆ ಅಂಜನಾ ತನ್ನ ಕೂಸಿನ ಕಡೆ ನೋಡಿ, ರಾತ್ರಿಯೆಲ್ಲಾ ಕೂಸು ಎತ್ತಿಕೊಂಡು ಕೂತಿದ್ದು ಯಾರೂ ನೋಡಲಿಲ್ಲೇನು ಅನ್ನುವಳು. ಹೊಡೆತ ಟೀವಿಗೆ ಬೀಳುತ್ತಿತ್ತು, ಮನೆ ತಣ್ಣಗಿರುತ್ತಿತ್ತು. ಓಣಿಯಾಚೆಯ ಗೌಸಿಯಾ ದಿನಾ ಧಾರಾವಾಹಿಗೆ ಬಂದು ಕೂಡುವಳು. ಅವಳ ಮನೆಯ ಟೀವಿ ಗಂಡುಮಕ್ಕಳ ಕ್ರಿಕೆಟ್ಟಿಗೆ ಮೀಸಲಾಗಿತ್ತು. ಅತ್ತೆ ಸೊಸೆಯರ ಈ ಆಟ ನೋಡಿ ಅವಳು ಸೆರಗಿನಲ್ಲಿ ನಗುವಳು.

ಆಮೇಲೆ ಸುಚಿತಾಳ ಹೆರಿಗೆ ಬಂತು. ಹೆರಿಗೆ ಎಂದರೆ ಧಾರಾವಾಹಿಯ ಹೆರಿಗೆ, ಮುಗಿಯುವ ಮಾತೇ ಇಲ್ಲ. ಡಾಕ್ಟರು ಬಾಗಿಲಿನಿಂದ ಹೊರಗೆ ಬಂದು ಕನ್ನಡಕ ತೆಗೆಯುವುದು, ಅಷ್ಟರಲ್ಲಿ ಸೋಪಿನ ಜಾಹೀರಾತು. ಅಂಥ ಒಂದು ಜಾಹೀರಾತಿನ ನಡುವೆ ವಿಮಲಾಬಾಯಿ ಎಡಕ್ಕೆ ಹೊರಳಿ ಕಣ್ಣು ಮುಚ್ಚಿದಳು. ಕಮಲಾಪುರ ಅವಳ ತವರು, ಅಲ್ಲಿಯ ಅಮ್ಮ ಅವಳ ಮನೆದೇವರು. ಈ ಹುಡುಗಿ ತಾಯಿ ಮಗು ಎರಡಾಗಿ ಏಳಲಿ, ನಿನಗೆ ಉಡಿ ತುಂಬತೀನಿ ಎಂದು ತುಟಿ ಆಡಿಸಿಯೇ ಬೇಡಿಕೊಂಡಳು.

ಸುಚಿತಾ ಎದ್ದಳು. ಗಂಡು ಕೂಸು. ಹರಕೆ ಉಳಿಯಿತು.

ಗಂಡ ದೇವೀಂದ್ರಪ್ಪ ನಂದೂರಿನ ತೊಗರಿಬ್ಯಾಳಿ ಮಿಲ್ಲಿನಿಂದ ಬಂದವನು ಕೇಳಿ ಬಿದ್ದು ಬಿದ್ದು ನಕ್ಕ. ಆ ಹುಡುಗಿ ಹೆರಿಗೆ ಮುಗಿಸಿ, ಹೊಟ್ಟೆಗೆ ಕಟ್ಟಿದ ದಿಂಬು ಬಿಚ್ಚಿಟ್ಟು ಚಹಾ ಕುಡಿಯಲು ಹೋಗಿರುತ್ತಾಳೆ ಅಂದ.

"ಅದೆಲ್ಲಾ ಆಟ ಅದ, ಹುಚ್ಚಿ."

"ಆಟ ಒಳಗಿನವರದ ರೀ. ಕೈ ಮುಗಿದಾಕಿ ನಾ ಹೊರಗ ಕೂತಿದ್ದೆ," ಎಂದಳು ವಿಮಲಾಬಾಯಿ.

ಅವನು ತಲೆ ಕೊಡವಿ ಕೈಕಾಲು ತೊಳೆಯಲು ಹೋದ. ಅಮ್ಮನಿಗೆ ಟೀವಿ ಗೊತ್ತೋ ಇಲ್ಲವೋ, ಆಡಿದ ಮಾತು ಕೇಳಿದ್ದಂತೂ ಖರೆ ಎಂದು ವಿಮಲಾಬಾಯಿಗೆ ಅನ್ನಿಸಿತು. ಇಲ್ಲದ ಹುಡುಗಿಯ ಹೆಸರಲ್ಲಿ ಉಡಿ ತುಂಬಿದರೆ ಅಪಚಾರವೇ, ತುಂಬದಿದ್ದರೆ ಅಪಚಾರವೇ? ಗೌಸಿಯಾ ಮಾತ್ರ ತಡೆಯಲಿಲ್ಲ. ಮನ್ನತ್ ಮಾಡಿದಮೇಲೆ ಪೂರಾ ಮಾಡಬೇಕು ಅಕ್ಕಾ, ಜಬಾನ್ ಕೊಟ್ಟೀರಿ, ಮಾತು ತಪ್ಪಬಾರದು ಅಂದಳು.

ಒಂದು ಮಧ್ಯಾಹ್ನ ವಿಮಲಾಬಾಯಿ ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು ತೆಗೆದಿಡುತ್ತಿದ್ದಾಗ ಅಂಜನಾ ನೋಡಿ, ಯಾರ ಹರಕೆ ಎಂದು ಕೇಳಿದಳು. ವಿಮಲಾಬಾಯಿಗೆ ಸುಳ್ಳು ಬರುವುದಿಲ್ಲ, ಹೇಳಿಬಿಟ್ಟಳು. ಅಂಜನಾ ನಗುತ್ತಾಳೆ ಅಂದುಕೊಂಡಿದ್ದಳು. ಅವಳು ನಗಲಿಲ್ಲ.

"ನಾ ದವಾಖಾನಿಯೊಳಗ ಬಿದ್ದಾಗ ಏನ್ ಬೇಡ್ಕೊಂಡಿದ್ರಿ, ಅತ್ತಿ?"

ಎರಡು ವರ್ಷದ ಹಿಂದೆ ಅಂಜನಾಳ ಹೆರಿಗೆಯೂ ಹಾಗೇ ಜೀವಕ್ಕೆ ಬಂದಿತ್ತು. ವಿಮಲಾಬಾಯಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದಳು. ಏನು ಬೇಡಿದ್ದೆ ಎಂದು ನೆನೆಸಿಕೊಂಡಳು. ಏನೂ ಬೇಡಿರಲಿಲ್ಲ. ಯಾಕೆಂದು ಅವಳಿಗೇ ತಿಳಿಯದು. ಪ್ರೀತಿ ಇರಲಿಲ್ಲವೇ? ಇತ್ತು. ಹಾಗಾದರೆ ಪರರ ಹುಡುಗಿಗೆ ಸಲೀಸಾಗಿ ತೆರೆದ ಬಾಯಿ ಮನೆಯ ಹುಡುಗಿಗೆ ಯಾಕೆ ತೆರೆಯಲಿಲ್ಲ? ಅವಳು ಕೊಬ್ಬರಿ ಬಟ್ಟಲನ್ನು ತಿರುಗಿಸುತ್ತ ಕೂತಳು. ಅಂಜನಾ ಉತ್ತರಕ್ಕೆ ಕಾದು ಒಳಗೆ ಹೋದಳು.

ಅಂದಿನಿಂದ ಧಾರಾವಾಹಿಯ ಹೊತ್ತಿಗೆ ಅಂಜನಾ ಪಡಸಾಲೆಗೆ ಬರಲಿಲ್ಲ. ಸೊಪ್ಪನ್ನು ಅಡುಗೆಮನೆಯಲ್ಲೇ ಸೋಸಿದಳು. ವಿಮಲಾಬಾಯಿ ಟೀವಿಗೆ ಒಂದೆರಡು ಮಾತು ಆಡಿ ನೋಡಿದಳು. ತಿರುಗಿ ಮಾತು ಬರಲಿಲ್ಲ. ಗೌಸಿಯಾ ಕೂಡ ನಗುವುದನ್ನು ಬಿಟ್ಟು, ಬೇಗ ಎದ್ದು ಹೋಗತೊಡಗಿದಳು.

ಶುಕ್ರವಾರ ಎಲ್ಲರೂ ಕಮಲಾಪುರಕ್ಕೆಂದು ಹುಮನಾಬಾದ ಬಸ್ಸು ಹತ್ತಿದರು. ತಾನು ಬರುವುದು ಕೂಸಿಗೆ ಅಮ್ಮನ ಅರಿಸಿನ ಭಂಡಾರ ಹಚ್ಚಿಸಲು, ಅಷ್ಟೇ ಎಂದು ಅಂಜನಾ ಮಾವನ ಕೈಲಿ ಹೇಳಿಸಿದ್ದಳು. ಕಮಲಾಪುರದಲ್ಲಿ ಇಳಿದು ದೇವೀಂದ್ರಪ್ಪ ಕೆಂಪು ಬಾಳೆಹಣ್ಣು ಕೊಂಡ. ಕೂಸು ಗುಡಿಯ ತನಕ ಒಂದೇ ಹಣ್ಣನ್ನು ಮುಖಕ್ಕೆಲ್ಲ ಬಳಿದುಕೊಂಡಿತು.

ಪೂಜಾರಿಯ ಹೆಂಡತಿ ಭೀಮಬಾಯಿ ವಯಸ್ಸಾದವಳು, ವಿಮಲಾಬಾಯಿಯನ್ನು ಲಂಗ ತೊಟ್ಟ ದಿನದಿಂದ ಬಲ್ಲವಳು. ಅಮ್ಮನಿಗೆ ಮುಟ್ಟಿಸಿದ ಉಡಿಯನ್ನು ಮೊರದಲ್ಲಿ ಹಿಡಿದುಕೊಂಡು, ಯಾರ ಹೆಸರಿಂದು ಎಂದು ಕೇಳಿದಳು. ಹರಕೆ ಯಾರ ಸಲುವಾಗಿಯೋ ಅವರೇ ಸೆರಗು ಒಡ್ಡಿ ಪ್ರಸಾದದ ಉಡಿ ತೆಗೆದುಕೊಳ್ಳುವುದು ಅಲ್ಲಿಯ ಕ್ರಮ. ಈ ಕ್ರಮ ಗೊತ್ತಿದ್ದೂ ವಿಮಲಾಬಾಯಿಗೆ ಇಷ್ಟು ದಿನ ಹೊಳೆದಿರಲಿಲ್ಲ.

"ಸುಚಿತಾ," ಅಂದಳು.

"ಎಲ್ಲದಾಳ? ಬಂದು ಉಡಿ ಒಡ್ಡಲಿ."

ವಿಮಲಾಬಾಯಿಯ ಬಾಯಿ ಒಣಗಿತು. ಬಂದಿಲ್ಲ ಎನ್ನಲು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆ ಒಣಗು ಅವಳಿಗೆ ಗುರುತು ಹತ್ತಿತು. ಬೆಂಚಿನ ಮೇಲೆ ಕೂತಾಗಿನದೇ.

"ಅಂಜನಾ," ಎಂದು ತಿರುಗಿದಳು. "ಅವತ್ತೂ ಹಿಂಗ ಆಗಿತ್ತವ್ವಾ. ಅಮ್ಮನ ಹೆಸರು ಸೈತ ಬಾಯಿಗೆ ಬರಲಿಲ್ಲ. ನಿನ್ನ ಹೆಸರಷ್ಟ ಬಂತು. ಬೇಡ್ಕೊಳ್ಳಾಕ ಬರಲೇ ಇಲ್ಲ."

ಅಂಜನಾ ಅತ್ತೆಯ ಮುಖ ನೋಡಿದಳು. ಈ ಮಾತು ಸರಿಯಾಗಿ ಕೇಳದ ಭೀಮಬಾಯಿ ಮೊರ ಹಿಡಿದ ಕೈ ನೋಯುತ್ತದೆ ಎಂದು ಗೊಣಗಿದಳು. ಆಗ ಅಂಜನಾ ಕೂಸನ್ನು ಮಾವನ ತೋಳಿಗೆ ಕೊಟ್ಟು, ಮುಂದೆ ಬಂದು ಮೊಣಕಾಲೂರಿ ಸೆರಗು ಒಡ್ಡಿದಳು. ಅಕ್ಕಿ, ಕೊಬ್ಬರಿ, ಖಣ, ಕೆಂಪು ಬಾಳೆಹಣ್ಣು ಅವಳ ಮಡಿಲಿಗೆ ಬಿದ್ದವು. ಭೀಮಬಾಯಿ ಅವಳ ಹಣೆಗೆ ಭಂಡಾರ ಹಚ್ಚಿ, ನೂರು ಕಾಲ ಬಾಳು ಸುಚಿತಾ ಎಂದು ಹರಸಿದಳು. ಅಂಜನಾ ಅಲ್ಲ ಅನ್ನಲಿಲ್ಲ, ಹೂಂ ಅಂದಳು.

ಹೊರಳಿ ಬರುವ ಬಸ್ಸಿನಲ್ಲಿ ವಿಮಲಾಬಾಯಿಗೆ ಒಂದೇ ಚಿಂತೆ. ಉಡಿ ಅಂಜನಾಗೆ ಮುಟ್ಟಿತೋ, ಸುಚಿತಾಗೋ? ಅಂಜನಾ ಸೆರಗು ಒಡ್ಡಿದ್ದು ತನಗಾಗಿಯೋ, ಬಾರದಿದ್ದವಳ ಸಲುವಾಗಿಯೋ? ಅತ್ತೆಯ ಮರ್ಯಾದೆ ಉಳಿಸಲೋ? ಕೇಳಬೇಕು ಅನ್ನಿಸಿತು. ಅಂಜನಾ ಕಿಟಕಿಗೆ ತಲೆ ಕೊಟ್ಟು ಮಲಗಿದ್ದಳು. ಮಲಗಿದ್ದಳೋ, ಕಣ್ಣು ಮುಚ್ಚಿದ್ದಳೋ, ಅದೂ ಗೊತ್ತಾಗಲಿಲ್ಲ.

ಸಂಜೆ ದೀಪ ಹಚ್ಚಿ ಟೀವಿ ಹಾಕಿದಾಗ ಗೌಸಿಯಾ ಆಗಲೇ ಬಂದು ಕೂತಿದ್ದಳು. ಸುಚಿತಾ ತೊಟ್ಟಿಲು ತೂಗುತ್ತಿದ್ದಳು. ಹಿಂದಿನಿಂದ ಸೊಪ್ಪಿನ ಬುಟ್ಟಿ ನೆಲಕ್ಕೆ ಇಟ್ಟ ಸದ್ದಾಯಿತು.

"ನಿನ್ನ ಉಡಿ ನಾ ಹೊತ್ಕೊಂಡು ಬಂದೀನಿ," ಎಂದಳು ಅಂಜನಾ, ಟೀವಿಗೆ. "ಬೇಕಾದ್ರ ಬಂದು ಒಯ್ಯಿ. ನಾ ಅಂತೂ ತಂದು ಕೊಡೂದಿಲ್ಲ."

ಗೌಸಿಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಇದು ಸುಚಿತಾಗೆ ಆಡಿದ ಮಾತೋ ತನಗೆ ಆಡಿದ ಮಾತೋ ವಿಮಲಾಬಾಯಿಗೆ ತಿಳಿಯಲಿಲ್ಲ. ಅವಳು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ಹಿಡಿ ಮೆಂತ್ಯ ಕೈಗೆತ್ತಿಕೊಂಡಳು.